‘ಗಮನವಿಲ್ಲ’ ಎಂಬ ದೂರಿನ ಹಿಂದೆ

ಉಡುಪಿಯಲ್ಲಿ ಮನಃಶಾಸ್ತ್ರಜ್ಞೆಯಾಗಿರುವ ನನ್ನ ಬಳಿಗೆ ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಕರೆತರುವವರು ಹೆಚ್ಚಾಗಿ ಹೇಳುವುದು ‘ಪಾಠದಲ್ಲಿ ಗಮನವಿಲ್ಲ’ ಎಂಬ ಒಂದೇ ದೂರನ್ನು. ಮಲ್ಪೆ ಕಡೆಯ ಏಳನೇ ತರಗತಿಯ ಹುಡುಗನೊಬ್ಬನ ತಾಯಿಯೂ ಅದನ್ನೇ ಹೇಳಿದರು: “ಅಪ್ಪನ ಒಟ್ಟಿಗೆ ಕೂತು ಎರಡು ಗಂಟೆ ಬಲೆ ಸರಿ ಮಾಡ್ತಾನೆ ಮೇಡಂ, ಪುಸ್ತಕ ಕೊಟ್ರೆ ಐದು ನಿಮಿಷ ಕೂತ್ಕೊಳ್ಳುದಿಲ್ಲ.”

ಇಷ್ಟದ ಕೆಲಸದಲ್ಲಿ ಮೈಮರೆಯುವುದು ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವ ಮಕ್ಕಳಲ್ಲೂ ಉಂಟು. ಆದ್ದರಿಂದ ಆ ಮಾತೊಂದರಿಂದಲೇ ನಾನು ತೀರ್ಮಾನಕ್ಕೆ ಬರಲಿಲ್ಲ. ಕಣ್ಣು ಮತ್ತು ಕಿವಿಯ ತಪಾಸಣೆ ಮುಗಿದ ಮೇಲೆ, ಎಡಿಎಚ್‌ಡಿಯ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡು, ಮನೆ, ಶಾಲೆಯಂಥ ಕನಿಷ್ಠ ಎರಡು ಕಡೆಗಳಲ್ಲಾದರೂ ಇರಬೇಕೆಂಬ ಕಾರಣಕ್ಕೆ, ತಾಯಿಗೂ ಶಿಕ್ಷಕಿಗೂ ಬೇರೆ ಬೇರೆಯಾಗಿ ಪ್ರಶ್ನಾವಳಿ ಕೊಟ್ಟೆ. ಶಿಕ್ಷಕಿಯ ಹಾಳೆಯ ತುಂಬ ಗುರುತುಗಳಿದ್ದವು, ತಾಯಿಯದರಲ್ಲಿ ಎರಡೇ. ಯಾವ ಪಿರಿಯಡ್‌ನಲ್ಲಿ ಎಂದು ಶಿಕ್ಷಕಿಯನ್ನು ಕೇಳಿದಾಗ ಕನ್ನಡ, ಸಮಾಜ ಎಂದರು; ಬಾಯಿಲೆಕ್ಕಕ್ಕೆ ಮೊದಲು ಕೈ ಎತ್ತುವವನೂ ಅವನೇ ಎಂದು ತಿಳಿಯಿತು.

ನಾಲ್ಕನೇ ತರಗತಿಯ ಮಟ್ಟದ ಒಂದು ಪ್ಯಾರಾವನ್ನು ಓದಲು ಕೊಟ್ಟೆ. ಸಾಲಿನ ಕೆಳಗೆ ಬೆರಳಿಟ್ಟು, ‘ಸಂಸ್ಕೃತಿ’ ಎಂಬಲ್ಲಿ ತಡೆದು ನಿಂತು, ‘ಸಂಸಾರ’ ಎಂದು ಊಹಿಸಿ ಮುಂದೆ ಹೋದ. ಕೊನೆಗೆ ಕೇಳಿದ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಅದೇ ಮಟ್ಟದ ಇನ್ನೊಂದು ಪ್ಯಾರಾವನ್ನು ನಾನೇ ಓದಿ ಹೇಳಿದಾಗ ಐದಕ್ಕೂ ಸರಿಯುತ್ತರ ಕೊಟ್ಟ. ಗಮನವಿಲ್ಲದೆ ಅದು ಸಾಧ್ಯವೇ? ಅರ್ಥವಿಲ್ಲದ ಪದಗಳನ್ನು ಓದಿಸಿದಾಗ ಊಹೆಗೂ ಆಸರೆ ಸಿಗದೆ, ‘ಮಲುಟ’ದಂಥ ಮೂರಕ್ಷರದಲ್ಲೇ ಸೋತ.

ಬರವಣಿಗೆಯನ್ನು ಅಳೆಯುವಾಗ ನಮ್ಮ ಕರಾವಳಿಯಲ್ಲಿ ವಿಶೇಷ ಎಚ್ಚರ ಬೇಕು. ಮನೆಯಲ್ಲಿ ತುಳು ಮಾತಾಡುವ ಮಗು ‘ಭಾರ’ವನ್ನು ‘ಬಾರ’ ಎಂದು ಬರೆದರೆ ಅದು ನಾಲಗೆಯ ರೂಢಿಯಿಂದಲೂ ಬಂದಿರಬಹುದು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಇಂಥವನ್ನೆಲ್ಲ ಕಲಿಕಾ ದೋಷವೆಂದು ಎಣಿಸಿದ್ದೆ. ಆ ವರದಿಗಳನ್ನು ನೆನೆದರೆ ಇಂದಿಗೂ ನೋವಾಗುತ್ತದೆ. ಈ ಹುಡುಗನ ಉಕ್ತಲೇಖನದಲ್ಲಿ ಮಹಾಪ್ರಾಣದ ತಪ್ಪುಗಳನ್ನು ಬದಿಗಿಟ್ಟು ಎಣಿಸಿದೆ. ‘ಅಕ್ಕ’ ‘ಅಕ’ವಾಗಿತ್ತು, ‘ಬೀಗ’ ‘ಬಿಗ’ವಾಗಿತ್ತು, ಒತ್ತಕ್ಷರಗಳು ಬಹುಪಾಲು ಬಿಟ್ಟೇ ಹೋಗಿದ್ದವು.

ಬುದ್ಧಿಮತ್ತೆಯ ಪರೀಕ್ಷೆಯ ಫಲಿತಾಂಶ ವಯಸ್ಸಿಗೆ ತಕ್ಕಂತೆಯೇ ಇತ್ತು. ಶಾಲೆಯಲ್ಲಿ ಎರಡು ವರ್ಷ ಕೊಟ್ಟ ಹೆಚ್ಚುವರಿ ಪಾಠದಿಂದಲೂ ಓದು ಸುಧಾರಿಸಿರಲಿಲ್ಲವೆಂಬುದನ್ನೂ ಸೇರಿಸಿ ನೋಡಿ, ನಿರ್ದಿಷ್ಟ ಕಲಿಕಾ ನ್ಯೂನತೆ (ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು, ಬರಹದಂಥ ಕಲಿಕೆಯಲ್ಲಿ ಆಗುವ ತೊಡಕು) ಎಂದು ಬರೆದೆ. ಎಡಿಎಚ್‌ಡಿ ಎಂದು ಬರೆಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿರುವುದರಿಂದ ಪ್ರಮಾಣಪತ್ರ ಪಡೆಯುವ ದಾರಿಯನ್ನು ತಾಯಿಗೆ ವಿವರಿಸುತ್ತಿದ್ದಾಗ, ಹುಡುಗ ಮೆಲ್ಲಗೆ ಕೇಳಿದ: “ಹಾಗಾದ್ರೆ ನಾನು ಉದಾಸೀನ ಮಾಡಿದ್ದಲ್ವಾ ಮೇಡಂ?” ಅಲ್ಲ ಎಂದೆ. ವರದಿಯ ಮೊದಲ ಸಾಲಿನಲ್ಲೂ ಅದನ್ನೇ ಬರೆದು ಶಾಲೆಗೆ ಕಳುಹಿಸಿದೆ.