ಬೇಸಿಗೆ ರಜೆಯಲ್ಲಿ ಚರ್ಚಿನ ಮಕ್ಕಳ ಶಿಬಿರ: ಸ್ವಯಂಸೇವಕರಾಗುವುದು ಹೇಗೆ?

ಪರೀಕ್ಷೆ ಮುಗಿಸಿದ ಕಾಲೇಜು ಹುಡುಗರು, ಹುಡುಗಿಯರು ಪ್ರತಿ ಏಪ್ರಿಲ್‌ನಲ್ಲಿ ಬಂದು ‘ಶಿಬಿರದಲ್ಲಿ ನಮಗೂ ಏನಾದರೂ ಕೆಲಸ ಕೊಡಿ ಅಕ್ಕಾ’ ಎಂದು ಕೇಳುತ್ತಾರೆ. ಕೇಳುವುದೇ ಸಂತೋಷ. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಚರ್ಚುಗಳಲ್ಲಿ ರಜೆಯ ಸೇವೆಗೆ ಇಳಿಯಬೇಕೆಂದಿರುವವರು ಫೆಬ್ರುವರಿಯಲ್ಲೇ ಹೆಸರು ಕೊಡಬೇಕು.

ಯಾರ ಬಳಿ ಹೆಸರು ಕೊಡುವುದು? ನಮ್ಮ ಊರಿನಲ್ಲಿ ಇದನ್ನು ಸ್ವಲ್ಪ ವಿವರಿಸಲೇಬೇಕು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಚರ್ಚಿನ ಗಡಿ ಮಾತ್ರ ರಾಜ್ಯದ ಗಡಿಯ ಹಿಂದೆ ಹೋಗಲಿಲ್ಲ. 1890ರಲ್ಲಿ ಆರಂಭವಾದ ಬೇಳದ ಶೋಕಮಾತೆಯ ಚರ್ಚು, ಮಂಜೇಶ್ವರ, ಕಯ್ಯಾರಿನ ಚರ್ಚುಗಳು ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೆ, ಅಂದರೆ ಅಲ್ಲಿನ ಬಿಷಪರ ಆಡಳಿತಕ್ಕೆ, ಸೇರಿವೆ. ಗುಡ್ಡದ ಕಡೆಯ ಸಿರೋ ಮಲಬಾರ್ (ಕೇರಳ ಮೂಲದ ಕ್ಯಾಥೊಲಿಕ್ ಪಂಥ) ಚರ್ಚುಗಳು ತಲಶ್ಶೇರಿ ಮಹಾಧರ್ಮಪ್ರಾಂತಕ್ಕೆ ಸೇರಿದವು. ಎರಡು ಚರ್ಚುಗಳ ನಡುವೆ ಅರ್ಧ ಗಂಟೆಯ ಬಸ್ ದಾರಿಯಿದ್ದರೂ ತರಬೇತಿ ಒಂದಕ್ಕೆ ಮಂಗಳೂರಿನ ಕಡೆಯಿಂದ, ಇನ್ನೊಂದಕ್ಕೆ ತಲಶ್ಶೇರಿಯ ಕಡೆಯಿಂದ ಬರುತ್ತದೆ. ಆದ್ದರಿಂದ ಮೊದಲು ನಿಮ್ಮ ಚರ್ಚಿನ ಧರ್ಮಗುರುಗಳನ್ನು, ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರನ್ನು, ಐಸಿವೈಎಂ ಎಂಬ ಕ್ಯಾಥೊಲಿಕ್ ಯುವಜನ ಸಂಘಟನೆಯ ಘಟಕದವರನ್ನು ಕಾಣಿರಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಯವರಾದರೆ ಸಭಾಪಾಲಕರನ್ನೂ ಸಂಡೇ ಸ್ಕೂಲಿನ ಶಿಕ್ಷಕರನ್ನೂ ಕಾಣಿರಿ. ಅವರಲ್ಲಿ ಈ ಶಿಬಿರಕ್ಕೆ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್, ರಜೆಯ ಬೈಬಲ್ ಶಾಲೆ) ಎಂಬ ಹೆಸರೇ ರೂಢಿ. ನ್ಯೂಯಾರ್ಕಿನ ಬೀದಿಗಳಲ್ಲಿ ಬೇಸಿಗೆಯಿಡೀ ಅಲೆಯುತ್ತಿದ್ದ ಮಕ್ಕಳಿಗಾಗಿ ಎಲೈಜಾ ಹಾಸ್ ಎಂಬ ಮಹಿಳೆ 1898ರಲ್ಲಿ ಇಂಥ ಶಾಲೆಯೊಂದನ್ನು ತೆರೆದಾಗ ಆಕೆಗೆ ಬಾಡಿಗೆಗೆ ಸಿಕ್ಕಿದ್ದು ಬಿಯರ್ ಮಾರುವ ಜಾಗ. ಸಭಾಂಗಣ ಚಿಕ್ಕದು, ಫ್ಯಾನಿಲ್ಲ ಎಂದು ಶಿಬಿರವನ್ನೇ ಕೈಬಿಡಲು ಹೊರಡುವವರಿಗೆ ನಾನು ಇದನ್ನು ಹೇಳುತ್ತೇನೆ.

ಹೆಸರು ಕೊಟ್ಟ ಮೇಲೆ ಗುರುಗಳು ನಿಮ್ಮ ಬಗ್ಗೆ ನಾಲ್ಕು ಜನರನ್ನು ವಿಚಾರಿಸಿದರೆ ಬೇಸರಪಡಬೇಡಿ. ಮಕ್ಕಳನ್ನು ಒಪ್ಪಿಸುವವರು ವಿಚಾರಿಸಲೇಬೇಕು.

ದಿನಾಂಕ ಗೊತ್ತುಮಾಡುವುದು ಎರಡನೆಯ ಹೆಜ್ಜೆ. ಕೇರಳದ ಶಾಲೆಗಳಿಗೆ ಮಾರ್ಚ್ ಕೊನೆಗೆ ರಜೆ ಸಿಕ್ಕಿದರೆ ಮಂಗಳೂರಿನ ಕಡೆಗೆ ಓದಲು ಹೋಗುವ ಮಕ್ಕಳಿಗೆ ಸಿಗುವಾಗ ಏಪ್ರಿಲ್ ಎರಡನೆಯ ವಾರವಾಗುತ್ತದೆ. ಒಂದೇ ಮನೆಯ ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ ಓದುವುದೂ ಉಂಟು. ಈಸ್ಟರ್, ವಿಷು ಕಳೆದು, ಮಳೆಗೂ ಶಾಲೆಯ ಬಾಗಿಲಿಗೂ ಮೊದಲು ಸಿಗುವ ಮೂರು ನಾಲ್ಕು ವಾರಗಳಲ್ಲಿ ಒಂದು ವಾರವನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಶುರುವಾದರೆ ಓಡಾಟದ ಆಟಗಳನ್ನು ಹನ್ನೊಂದರ ಒಳಗೆ ಮುಗಿಸಬಹುದು. ಹನ್ನೊಂದರಿಂದ ಮೂರರವರೆಗೆ ಮಕ್ಕಳನ್ನು ಬಿಸಿಲಿಗೆ ಬಿಡಬಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಇಲ್ಲಿ ಸಿಡಿಲೂ ಇದೆ. ಮೋಡ ಗುಡುಗಿದರೆ ಮೈದಾನ ಖಾಲಿಯಾಗಬೇಕು, ಮರದಡಿ ಯಾರೂ ನಿಲ್ಲಬಾರದು.

ಮೂರನೆಯದು, ಹೆತ್ತವರ ಲಿಖಿತ ಒಪ್ಪಿಗೆ. ಚೀಟಿಯಲ್ಲಿ ಮಗುವಿನ ಅಲರ್ಜಿ, ಅಪಸ್ಮಾರ, ಕರೆದೊಯ್ಯಲು ಬರುವವರ ಹೆಸರು, ಎರಡು ಮೊಬೈಲ್ ಸಂಖ್ಯೆಗಳಿರಲಿ. ನೆರೆಮನೆಯ ಹಿಂದೂ, ಮುಸ್ಲಿಂ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಅವರ ಮನೆಗೆ ನೀವೇ ಹೋಗಿ, ಪ್ರಾರ್ಥನೆ ಇರುತ್ತದೆ, ಬೈಬಲ್ ಕಥೆ ಇರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಆಟಕ್ಕೆ ಮಾತ್ರ ಕಳುಹಿಸುತ್ತೇವೆ ಎಂದರೆ ಆಟದ ಹೊತ್ತಿಗೇ ಬರಲಿ. ಆ ಮಾತನ್ನು ಮೀರಬೇಡಿ. ನಾವು ಸಾರುವ ಪ್ರೀತಿಗೆ ಮೊದಲು ಬೇಕಾದದ್ದು ಈ ಪ್ರಾಮಾಣಿಕತೆ.

ಸುರಕ್ಷತೆಯಲ್ಲಿ ರಾಜಿಯಿಲ್ಲ. ಯಾವ ಮಗುವಿನೊಂದಿಗೂ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಇಬ್ಬರು ದೊಡ್ಡವರು ಕಣ್ಣಳತೆಯಲ್ಲಿರಬೇಕು. ಮಗುವಿಗೆ ಯಾರಿಂದಲಾದರೂ ಲೈಂಗಿಕ ಕಿರುಕುಳವಾಗಿದೆ ಎಂದು ತಿಳಿದರೆ, ಆ ಅನುಮಾನ ಬಂದರೂ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಚರ್ಚಿನ ಒಳಗೇ ಮಾತಾಡಿ ಮುಗಿಸುವ ವಿಷಯವಲ್ಲ ಅದು. ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಹತ್ತಿರದ ಬಾವಿ, ಕೆರೆ, ನೀರು ನಿಂತ ಕೆಂಪುಕಲ್ಲಿನ ಕೋರೆಗಳನ್ನು ಶಿಬಿರದ ಹಿಂದಿನ ದಿನ ನೀವೇ ನಡೆದು ನೋಡಿ ಬನ್ನಿ. ಓಆರ್‌ಎಸ್ ಪೊಟ್ಟಣಗಳನ್ನು ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಇನ್ನು ಎಲ್ಲರೂ ಕೇಳುವುದು: ಮಕ್ಕಳಿಗೆ ಏನು ಹೇಳಿಕೊಡಬೇಕು? ನಾನು ಅದಕ್ಕೂ ಮೊದಲು ಯಾವ ಭಾಷೆಯಲ್ಲಿ ಎಂದು ಕೇಳುತ್ತೇನೆ. ಸಪ್ತಭಾಷೆಗಳ ಈ ನಾಡಿನಲ್ಲಿ ಮಗು ಚರ್ಚಿನಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಅಂಗಳದಲ್ಲಿ ತುಳುವಿನಲ್ಲಿ ಆಡುತ್ತದೆ, ಬಸ್ಸಿನ ಫಲಕವನ್ನು ಮಲಯಾಳದಲ್ಲಿ ನೋಡುತ್ತದೆ. ನಾನು ಮೊದಲ ವರ್ಷ ಸೇವೆಗೆ ಹೋದಾಗ ಕಥೆಗಳನ್ನೆಲ್ಲ ಒಳ್ಳೆಯ ಗ್ರಂಥಸ್ಥ ಕನ್ನಡದಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ಏಳೆಂಟು ವರ್ಷದ ಹುಡುಗನೊಬ್ಬ ಎರಡು ದಿನವೂ ಕಿಟಕಿಯ ಸರಳು ಹಿಡಿದು ಸುಮ್ಮನೆ ನಿಂತಿದ್ದ. ತಿಂಡಿ ಆಯಿತೇ ಎಂದರೆ ತಲೆಯಾಡಿಸುತ್ತಿದ್ದ. ‘ಮಂಕಾಗಿದ್ದಾನೆ, ಹಾಡುವುದಿಲ್ಲ’ ಎಂದು ಹಾಜರಿ ಪುಸ್ತಕದಲ್ಲಿ ಬರೆದೆ. ಮೂರನೆಯ ದಿನ ಅಡುಗೆಗೆ ಬರುತ್ತಿದ್ದ ಹೆಂಗಸೊಬ್ಬರು ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತುಳುವಿನಲ್ಲಿ ಏನೋ ಕೇಳಿದರು. ಅವನು ಅವರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ‘ಬಡವಾಪುಂಡು’ ಎಂದ. ಹಸಿವಾಗುತ್ತಿದೆ ಎಂದ. ತಾಯಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗ ಮೂರು ದಿನದಿಂದ ಬರಿಹೊಟ್ಟೆಯಲ್ಲಿ ಗುಡ್ಡ ಇಳಿದು ಬರುತ್ತಿದ್ದ. ನಾನು ಬರೆದ ಆ ಸಾಲನ್ನು ಹೊಡೆದುಹಾಕಿದೆ. ಆದರೂ ಅದು ಇಂದಿಗೂ ನನಗೆ ನೋವು ಕೊಡುತ್ತದೆ.

ಅಂದಿನಿಂದ ಎರಡು ಕ್ರಮಗಳನ್ನು ಬಿಟ್ಟಿಲ್ಲ. ಮೊದಲ ಹಾಡಿಗೂ ಮುನ್ನ ಅವಲಕ್ಕಿ, ಬಾಳೆಹಣ್ಣು, ಒಂದು ಲೋಟ ಪುನರ್ಪುಳಿ ಶರಬತ್ತು. ಯಾರು ತಿಂದು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ವಿಚಾರಿಸದೆ ಎಲ್ಲರಿಗೂ ಕೊಡಬೇಕು. ಮತ್ತೆ, ಪ್ರತಿ ಗುಂಪಿಗೂ ಮಕ್ಕಳ ಮನೆಮಾತು ಬಲ್ಲ ಒಬ್ಬ ಸ್ವಯಂಸೇವಕ. ಗುಂಪಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳು ಬೇಡ. ಕಥೆಯನ್ನು ಕನ್ನಡದಲ್ಲೇ ಹೇಳಿ, ಆದರೆ ಮಗು ಯಾವ ಮಾತಿನಲ್ಲಿ ಅಳುತ್ತದೋ ಆ ಮಾತಿನಲ್ಲಿ ಅದರ ಜೊತೆ ಕುಳಿತುಕೊಳ್ಳಲು ಒಬ್ಬರಿರಲಿ. ಬೈಬಲಿನ ಒಳ್ಳೆಯ ಸಮಾರಿಯದವನ ಕಥೆಯನ್ನು ಮಕ್ಕಳಿಂದಲೇ ಆಡಿಸಿ. ಗಾಯಗೊಂಡವನು ಕೊಂಕಣಿಯಲ್ಲಿ ನರಳಲಿ, ದಾರಿಹೋಕ ಮಲಯಾಳದಲ್ಲಿ ಕೇಳಲಿ. ಬೇರೆ ಜನಾಂಗದವನು ಬಂದು ಗಾಯ ಕಟ್ಟುವುದು ಎಂದರೇನೆಂದು ಆಗ ಬಿಡಿಸಿ ಹೇಳಬೇಕಾಗಿಲ್ಲ.

ಸೇವೆ ಸಭಾಂಗಣದ ಹೊರಗೂ ಇದೆ. ಎಣ್ಮಕಜೆ, ಪೆರ್ಲದ ಕಡೆ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ನಮಗೆಲ್ಲ ಗೊತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆದರೆ ಅಲ್ಲಿ ಹಾಸಿಗೆ ಹಿಡಿದ ಮಕ್ಕಳ ತಾಯಂದಿರ ದುಡಿಮೆ ಮುಗಿಯಲಿಲ್ಲ. ಅಂಥ ಮನೆಗೆ ಹಣ್ಣಿನ ಬುಟ್ಟಿ ಹಿಡಿದು ಹತ್ತು ಜನ ನುಗ್ಗುವುದು, ಫೋಟೊ ತೆಗೆಯುವುದು ದಯವಿಟ್ಟು ಬೇಡ. ಇಬ್ಬರು ಹೋಗಿ. ಮೊದಲ ದಿನ ತಾಯಿಯ ಜೊತೆಗೇ ಇದ್ದು ಉಣಿಸುವುದು, ಮಗ್ಗುಲು ಬದಲಿಸುವುದು ಹೇಗೆಂದು ಕಲಿಯಿರಿ. ಅವರಿಗೆ ನಿಮ್ಮ ಮೇಲೆ ನಂಬಿಕೆ ಬಂದ ಮೇಲೆ ಎರಡು ಗಂಟೆ ಮಲಗಿಕೊಳ್ಳಿ ಎಂದು ಹೇಳಿ, ನೀವು ಮಗುವಿನ ಬಳಿ ಕುಳಿತುಕೊಳ್ಳಿ. ಇಂಥ ಮನೆಗಳಲ್ಲಿ ಅಣ್ಣನೋ ಅಕ್ಕನೋ ಇರುತ್ತಾರೆ. ಅವರನ್ನು ಯಾರೂ ಆಟಕ್ಕೆ ಕರೆದಿರುವುದಿಲ್ಲ. ಅವರನ್ನು ಶಿಬಿರಕ್ಕೆ ಕರೆತನ್ನಿ.

ಹತ್ತನೆಯ ತರಗತಿ ಮುಗಿಸಿದವರಿಗೆ ಹಾಡು, ಆಟದಷ್ಟೇ ಬೇಕಾದದ್ದು ಪ್ಲಸ್ ವನ್ (ಹನ್ನೊಂದನೆಯ ತರಗತಿ) ಅರ್ಜಿಯ ನೆರವು. ಕನ್ನಡ ಮಾಧ್ಯಮದ ಹುಡುಗಿ ಆನ್‌ಲೈನ್ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದಲ್ಲಿ ಮಲಯಾಳದ ಸೂಚನೆಯ ಮುಂದೆ ತಡವರಿಸುವಾಗ ಪಕ್ಕದಲ್ಲಿ ನಿಂತು ಓದಿ ಹೇಳುವುದೂ ಯುವಜನ ಸೇವೆಯೇ.

ಶಿಬಿರದ ಕೊನೆಯ ದಿನ ಬಹುಮಾನ, ಪಾಯಸ, ಗುಂಪಿನ ಚಿತ್ರ ಎಲ್ಲ ಇರುತ್ತದೆ. ಮಕ್ಕಳ ಚಿತ್ರಗಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಲೆಕ್ಕವನ್ನು ರಸೀದಿ ಸಹಿತ ಅಂದೇ ಒಪ್ಪಿಸಿ. ಮತ್ತೆ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಮುಂದಿನ ವರ್ಷದವರಿಗಾಗಿ ಪ್ರತಿ ಮಗುವಿಗೆ ಒಂದೊಂದು ಸಾಲು ಬರೆಯಿರಿ: ಮನೆಮಾತು, ಯಾರ ಜೊತೆ ಬರುತ್ತದೆ, ಯಾವುದಕ್ಕೆ ಹೆದರುತ್ತದೆ. ಜೂನ್ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಕೊಡೆ ಹಿಡಿದುಕೊಂಡು, ಅರ್ಧಕ್ಕೇ ಶಿಬಿರ ಬಿಟ್ಟ ಮಕ್ಕಳ ಮನೆಗಳಿಗೆ ಆ ನೋಟ್‌ಬುಕ್ ಸಮೇತ ಹೋಗಿ ಬನ್ನಿ.