ಕುದುರೆಯ ಡೊಂಕು ನನ್ನ ಸೊಂಟದಲ್ಲಿತ್ತು

ಐದು ತಿಂಗಳು ನಾನು ಆ ಕಂದು ಹೆಣ್ಣು ಕುದುರೆಯನ್ನು ಹೆಚ್ಚಾಗಿ ನಡಿಗೆಯಲ್ಲೇ ತಿದ್ದಿದೆ. "ಸುಮ್ನೆ ನಡೆಸ್ತಾ ಇದ್ರೆ ಡ್ರೆಸಾಜ್ ಬರುತ್ತಾ?" ಎಂದು ಕೇಳದವರೇ ಇಲ್ಲ. ಡ್ರೆಸಾಜ್ ಅಂದರೆ ಸವಾರನ ಸಣ್ಣ ಸೂಚನೆಗೆ ಕುದುರೆ ಅಚ್ಚುಕಟ್ಟಾಗಿ ಹೆಜ್ಜೆ ಹಾಕುವ ಕಲೆ, ಟೆಸ್ಟಿನಲ್ಲಿ ಅದಕ್ಕೆ ಅಂಕ ಕೊಡುತ್ತಾರೆ. ಹೋದ ಸಲ ಅವಳಿಗೆ ಟೆಸ್ಟಿನಲ್ಲಿ 54 ಪರ್ಸೆಂಟ್ ಬಂದಿತ್ತು. ಈ ಸಲ ಅದೇ ಟೆಸ್ಟು, 66 ಚಿಲ್ಲರೆ. ಈಗ ಬರೆಯುವ ಧೈರ್ಯ ಬಂದಿದೆ.

ನಾನು ಲಾಯದಲ್ಲಿ ದುಡಿದು ಕಲಿಯುವವನು. ದಿನಕ್ಕೆ ಹತ್ತು ಹನ್ನೊಂದು ಗಂಟೆ ಕೆಲಸ. ಎಂಟು ಕುದುರೆಗಳ ಲದ್ದಿ ಬಾಚುವುದು, ನೀರು, ಹುಲ್ಲು, ಮೈ ತಿಕ್ಕುವುದು, ಜೀನು ಹಾಕಿ ಕೊಡುವುದು. ಬದಲಿಗೆ ಮಲಗಲು ಜಾಗ, ಸ್ವಲ್ಪ ಕೈಖರ್ಚು, ಮತ್ತೆ ಪಾಠ. ಮೊದಲು ಇದ್ದ ಲಾಯದಲ್ಲಿ ವಾರಕ್ಕೆ ನಾಲ್ಕು ಪಾಠ ಅಂದಿದ್ದರು. ಒಂದು ಸಿಕ್ಕರೆ ಪುಣ್ಯ. ಹೊಸದಾಗಿ ಸೇರುವವರು ಪಾಠದ ಲೆಕ್ಕವನ್ನು ಮೊದಲ ದಿನವೇ ಕಾಗದದ ಮೇಲೆ ಬರೆಸಿಕೊಳ್ಳಿ. ನಾನು ಬರೆಸಲಿಲ್ಲ, ಒಂದು ವರ್ಷ ಹಾಗೇ ಹೋಯಿತು.

ಇನ್ನೊಂದು ಪೆಟ್ಟು ಜೀನಿನದು. ಎಂಟು ತಿಂಗಳ ಉಳಿತಾಯ ಸುರಿದು ಹಳೆಯ ಡ್ರೆಸಾಜ್ ಜೀನು ಕೊಂಡೆ. ಅದು ನನಗೆ ಸರಿಯಾಗಿ ಕೂತಿತು, ಕುದುರೆ ಬೆನ್ನಿಗೆ ಕೂರಲಿಲ್ಲ. ಮೂರು ವಾರದಲ್ಲಿ ಹೆಗಲ ಹಿಂದೆ ಕೈಯಿಟ್ಟರೆ ಸಾಕು, ಮೈ ಅದುರಿಸುತ್ತಿದ್ದಳು. ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ. ಆ ನೋವು ನನ್ನಿಂದ ಆದದ್ದು ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ಈಗ ಅವಳ ವಿಷಯ. ಎಡ ಲಗಾಮಿನ ಮೇಲೆ ಪೂರ್ತಿ ಭಾರ ಹಾಕುತ್ತಿದ್ದಳು. ಎಡಕ್ಕೆ ಬಾಗುವುದಿಲ್ಲ, ಬಲಕ್ಕೆ ಬೇಡವೆಂದರೂ ಬಾಗುತ್ತಾಳೆ. ಟ್ರಾಟ್ (ನಡಿಗೆಗಿಂತ ಚುರುಕಾದ, ಎರಡು ತಾಳದ ಹೆಜ್ಜೆ) ಕೇಳಿದರೆ ಓಟ. ಹಲ್ಲು, ಬೆನ್ನು, ಗೊರಸು ಎಲ್ಲ ತೋರಿಸಿದ್ದಾಯಿತು, ಏನೂ ಇಲ್ಲ ಅಂದರು. ಮೊದಲು ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. 20 ಮೀಟರ್ ಅಗಲದ ಸುತ್ತಿನಲ್ಲಿ ದಣಿಯುವವರೆಗೆ ಟ್ರಾಟ್. ಅವಳು ದಣಿಯಲಿಲ್ಲ, ಇನ್ನೂ ಗಟ್ಟಿಯಾದಳು. ಈಗ ಓಟವೂ ಜಾಸ್ತಿ, ಎಳೆತವೂ ಜಾಸ್ತಿ. ಆಮೇಲೆ ಯಾರೋ ಹೇಳಿದರೆಂದು ಸೈಡ್ ರೇನ್ (ಕಡಿವಾಣದಿಂದ ಜೀನಿಗೆ ಬಿಗಿಯುವ ಪಟ್ಟಿ) ಕಟ್ಟಿ ಉದ್ದ ಹಗ್ಗದಲ್ಲಿ ಸುತ್ತಿಸಿದೆ. ಗದ್ದವನ್ನು ಎದೆಗೆ ಒತ್ತಿಕೊಂಡು ಕಡಿವಾಣದಿಂದ ತಪ್ಪಿಸಿಕೊಳ್ಳುವುದನ್ನು ಕಲಿತಳು. ಅದನ್ನು ಮರೆಸಲು ಆರು ವಾರ ಬೇಕಾಯಿತು. ಮೂಗುಪಟ್ಟಿ ಬಿಗಿ ಮಾಡು ಎಂಬ ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಎರಡು ಬೆರಳು ಆಡುವಷ್ಟು ಸಡಿಲ ಇರಲೇಬೇಕು. ಬಾಯಿ ಕಟ್ಟಿದರೆ ದೂರು ಕೇಳಿಸುವುದಿಲ್ಲ, ದೂರಿನ ಕಾರಣ ಹಾಗೇ ಇರುತ್ತದೆ.

ಟ್ರಾಟ್ ಬಿಟ್ಟು ನಡಿಗೆಗೆ ಇಳಿದದ್ದು ಬೇರೆ ದಾರಿ ಕಾಣದೆ. ಆದರೆ ನಡಿಗೆಯಲ್ಲಿ ಯೋಚಿಸಲು ಸಮಯ ಸಿಗುತ್ತದೆ. ನಾಲ್ಕು ಕಾಲೂ ಒಂದೊಂದಾಗಿ ಬೀಳುತ್ತವೆ. ಒಳಗಿನ, ಅಂದರೆ ಸುತ್ತಿನ ಮಧ್ಯದ ಕಡೆಯ ಹಿಂಗಾಲು ಯಾವಾಗ ನೆಲ ಬಿಡುತ್ತದೆ ಎಂದು ಕಣ್ಣು ಮುಚ್ಚಿ ಹೇಳುವುದನ್ನು ಅಭ್ಯಾಸ ಮಾಡಿದೆ. ಗೆಳೆಯನೊಬ್ಬ ಪಕ್ಕದಲ್ಲಿ ನಡೆಯುತ್ತಾ ಸರಿ, ತಪ್ಪು ಅನ್ನುತ್ತಿದ್ದ. ಹದಿನೈದು ದಿನಕ್ಕೆ ಹತ್ತರಲ್ಲಿ ಎಂಟು ಸರಿಯಾಗತೊಡಗಿತು. ನನ್ನ ಕಾಲಿನ ಒತ್ತು ಆ ಕ್ಷಣದಲ್ಲೇ ಬೀಳಬೇಕು. ಅರ್ಧ ಸೆಕೆಂಡ್ ತಡವಾದರೆ ಹೋಯಿತು.

ಆಮೇಲೆ ಶೋಲ್ಡರ್-ಇನ್, ಅಂದರೆ ಕುದುರೆ ಗೋಡೆಯುದ್ದಕ್ಕೂ ಹೋಗುತ್ತಾ ಮುಂಭಾಗವನ್ನು ಸ್ವಲ್ಪ ಒಳಕ್ಕೆ ತಂದು ಬಾಗಿ ನಡೆಯುವುದು. 10 ಮೀಟರ್ ಸುತ್ತು ಮುಗಿಸಿ ಅದೇ ಬಾಗಿನಲ್ಲಿ ಗೋಡೆ ಪಕ್ಕ ಮೂರು ನಾಲ್ಕು ಹೆಜ್ಜೆ, ತಕ್ಷಣ ಬಿಡುಗಡೆ. ಐದನೆಯ ಹೆಜ್ಜೆಗೆ ಆಸೆಪಟ್ಟಾಗಲೆಲ್ಲ ಕೆಟ್ಟಿತು. ಫ್ರೆಂಚ್ ಸವಾರಿ ಗುರು ಲ ಗೇರಿನಿಯೇರ್ 1733ರಲ್ಲೇ ಇದನ್ನು ಎಲ್ಲ ಪಾಠಗಳಿಗೂ ಮೂಲ ಎನ್ನುವಂತೆ ಬರೆದಿಟ್ಟರು. ಕುದುರೆ ಸುಧಾರಿಸುತ್ತಾ ಹೋದಂತೆ ಅದು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಬಲಕ್ಕೆ ಬೇಗ ಬಂತು. ಎಡಕ್ಕೆ ಮಾತ್ರ ಎರಡು ತಿಂಗಳಾದರೂ ಅದೇ ಭಾರ.

ಆಗ ಒಂದು ಪ್ರಯೋಗ ಮಾಡಿದೆ. ಸಾಮಾನು ತೂಗುವ ಎರಡು ಸ್ಪ್ರಿಂಗ್ ತಕ್ಕಡಿ ತಂದು ಗೇಟಿಗೆ ಕಟ್ಟಿದೆ. ಒಂದೊಂದಕ್ಕೆ ಒಂದೊಂದು ಲಗಾಮು. ಸ್ಟ್ಯಾಂಡಿನ ಮೇಲೆ ಜೀನಿಟ್ಟು ಕೂತು, ಕಣ್ಣು ಮುಚ್ಚಿ, ಎರಡನ್ನೂ ಸಮವಾಗಿ ಹಿಡಿದೆ ಅಂದುಕೊಂಡೆ. ಬಲದಲ್ಲಿ ಒಂದೂವರೆ ಕಿಲೋ, ಎಡದಲ್ಲಿ ಹತ್ತಿರ ಮೂರು! ಐದಾರು ಸಲ ನೋಡಿದೆ, ಹೆಚ್ಚುಕಮ್ಮಿ ಅಷ್ಟೇ. ಹಿಂದಿನಿಂದ ಫೋಟೊ ತೆಗೆಸಿದೆ. ಬಲ ಸೊಂಟ ಕುಸಿದು, ಭಾರವೆಲ್ಲ ಎಡಕ್ಕೆ ಜಾರಿತ್ತು. ಆ ಜಾರಿದ ಭಾರವನ್ನು ಅವಳು ಹೊತ್ತು ತಿರುಗುತ್ತಿದ್ದಳು, ನಾನು ಅವಳನ್ನು ಡೊಂಕು ಅನ್ನುತ್ತಿದ್ದೆ.

ಇದು ಎಲ್ಲಿಂದ ಬಂತು ಎಂದು ಹೊಳೆದದ್ದು ಮರುದಿನ ಬೆಳಿಗ್ಗೆ, ಲದ್ದಿ ಬಾಚುವಾಗ. ಎರಡು ವರ್ಷ, ದಿನಾ ಎಂಟು ಕೋಣೆ, ಬಾಚುವ ಕೋಲಿನ ಮೇಲೆ ಯಾವಾಗಲೂ ಬಲಗೈ ಕೆಳಗೆ, ಯಾವಾಗಲೂ ಎಡಕ್ಕೆ ತಿರುಗಿ ಗಾಡಿಗೆ ಎಸೆಯುವುದು. ಮೈ ಅದೇ ಆಕಾರಕ್ಕೆ ಬಂದಿತ್ತು ಅಲ್ವಾ! ಅವತ್ತೇ ಕೈ ಬದಲಿಸಿದೆ. ನಾಲ್ಕು ಕೋಣೆ ಎಡಗೈ ಕೆಳಗೆ, ನಾಲ್ಕು ಬಲಗೈ. ಮೊದಲ ವಾರ ಕೆಲಸ ಮುಗಿಸಲು ಮುಕ್ಕಾಲು ಗಂಟೆ ಜಾಸ್ತಿ ಹಿಡಿಯಿತು, ಬೈಸಿಕೊಂಡೆ. ಬಕೆಟ್ಟನ್ನೂ ಒಂದೇ ಕೈಯಲ್ಲಿ ಹೊರುವುದು ಬಿಟ್ಟೆ. ದಿನಾ ಹತ್ತು ನಿಮಿಷ ರಿಕಾಪು ಬಿಟ್ಟು, ಉದ್ದ ಹಗ್ಗದಲ್ಲಿ ಸುತ್ತಿಸುವ ಕುದುರೆಯ ಮೇಲೆ ಕೂತೆ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಹೊಸಬರನ್ನು ರಿಕಾಪು, ಲಗಾಮು ಎರಡೂ ಇಲ್ಲದೆ ಹೀಗೇ ಕೂರಿಸುತ್ತಾರೆ. ಆರು ವಾರಕ್ಕೆ ತಕ್ಕಡಿಯಲ್ಲಿ ಎರಡೂ ಕೈ ಹತ್ತಿರ ಹತ್ತಿರ ಬಂದವು. ಎಡಕ್ಕೆ ಶೋಲ್ಡರ್-ಇನ್ ಅದೇ ವಾರ ಬಂತು. ಲಗಾಮು ಕೈಯಲ್ಲಿ ಹಗುರಾದಾಗ ಕಣ್ಣಲ್ಲಿ ನೀರೇ ಬಂತು.

ನಡುವೆ ಮೆಟ್ರೊನೋಮ್, ಅಂದರೆ ತಾಳ ಹಾಕುವ ಯಂತ್ರದ ಹುಚ್ಚೂ ಹಿಡಿದಿತ್ತು. ಕಿವಿಗೆ ಸಿಕ್ಕಿಸಿಕೊಂಡು ಟ್ರಾಟಿಗೆ ನಿಮಿಷಕ್ಕೆ 76ರ ಆಸುಪಾಸು ಇಟ್ಟೆ. ನನ್ನ ಲಯ ಸುಧಾರಿಸಿತು. ಅವಳ ಓಟ ಅದರಿಂದ ನಿಲ್ಲಲಿಲ್ಲ. ಓಟ ನಿಂತದ್ದು ನಡಿಗೆಯಿಂದ ಟ್ರಾಟಿಗೆ ಹೋಗಿ ಆರೇಳು ಹೆಜ್ಜೆಗೆ ವಾಪಸ್ ಬರುವುದರಿಂದ. ವಾಪಸ್ ಬರುವಾಗ ಲಗಾಮು ಎಳೆಯದೆ ಉಸಿರಿನಲ್ಲಿ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

ಯಜಮಾನರು ಈಗ ನಾಲ್ಕು ವರ್ಷದ ಮರಿ ಕುದುರೆಯನ್ನೂ ನನಗೇ ಕೊಟ್ಟಿದ್ದಾರೆ. ಮೊದಲು ನಕ್ಕವರಲ್ಲಿ ಇಬ್ಬರು ಹೋದ ವಾರ ತಕ್ಕಡಿ ಕೇಳಿ ತೆಗೆದುಕೊಂಡು ಹೋದರು. ನನ್ನ ಕಂದು ಹುಡುಗಿಗೆ ಫ್ಲೈಯಿಂಗ್ ಚೇಂಜ್ (ನಾಗಾಲೋಟದಲ್ಲಿ ನಿಲ್ಲದೆ ಮುಂದಿಡುವ ಕಾಲು ಬದಲಿಸುವುದು) ಶುರು ಮಾಡಿದ್ದೇನೆ. ಎಡದಿಂದ ಬಲಕ್ಕೆ ಶುದ್ಧ. ಬಲದಿಂದ ಎಡಕ್ಕೆ ಹಿಂಗಾಲು ಇನ್ನೂ ಒಂದು ಹೆಜ್ಜೆ ತಡ. ನಾಳೆಯಿಂದ ಮತ್ತೆ ನಡಿಗೆಗೆ ಇಳಿಯುತ್ತೇವೆ.