ಭುಜದ ಆಪರೇಷನ್‌ಗೆ ಮುಂಚೆ ಒಂದೇ ಕೈಲಿ ಬದುಕೋದು ಕಲ್ತ್ಕೊಳ್ಳಿ

ವಯಸ್ಸಾದವರ ಭುಜ ನೋವಿನ ಕಾಟ ಜಾಸ್ತಿ ರಾತ್ರಿ ಹೊತ್ತು. ಹಗಲೆಲ್ಲಾ ಹೇಗೋ ಓಡಾಡ್ಕೊಂಡಿರ್ತಾರೆ, ಮಲಗಿ ಆ ಮಗ್ಗುಲಿಗೆ ಹೊರಳಿದ್ರೆ ಸಾಕು ಎಚ್ಚರ, ಆಮೇಲೆ ಬೆಳಗಿನವರೆಗೂ ನಿದ್ದೆ ಇಲ್ಲ. ನಮ್ಮಮ್ಮ "ವಯಸ್ಸಾಯ್ತಲ್ಲ ಬಿಡು" ಅಂತ ಎರಡು ವರ್ಷ ತಳ್ಳಿದ್ರು, ನಾವೂ ಹೂಂ ಅಂದ್ವಿ. ಹಾಗೆ ಮಾಡ್ಬೇಡಿ, ಯಾಕಂದ್ರೆ ಭುಜ ನೋವು ಅನ್ನೋದು ಒಂದೇ ಕಾಯಿಲೆ ಅಲ್ಲ, ಅದರ ಹಿಂದೆ ಇರೋದು ಏನು ಅನ್ನೋದರ ಮೇಲೆ ಆಪರೇಷನ್ ಬೇಕೋ ಬೇಡ್ವೋ ನಿಂತಿದೆ.

ಡಾಕ್ಟರ್ ಹತ್ರ ಹೋಗೋ ಮುಂಚೆ ಒಂದು ವಿಷಯ ಗಮನಿಸ್ಕೊಂಡು ಹೋಗಿ (ಬಿದ್ದು ಪೆಟ್ಟಾಗಿದ್ರೆ ಇದೆಲ್ಲ ಬೇಡ). ಮೊದಲು ನೀವೇ ಕೈ ಎತ್ತಿ. ಆಮೇಲೆ ಕೈ ಪೂರ್ತಿ ಸಡಿಲ ಬಿಟ್ಟು ಮನೆಯವರ ಹತ್ರ ನಿಧಾನಕ್ಕೆ ಎತ್ತಿಸಿ. ನಿಮ್ಮ ಕೈಲಿ ಆಗದೇ ಅವರು ಎತ್ತಿದಾಗ ಸಲೀಸಾಗಿ ಮೇಲೆ ಹೋದ್ರೆ ರೊಟೇಟರ್ ಕಫ್ ಹರಿದಿರಬಹುದು, ಅದು ತೋಳಿನ ಮೂಳೆಯ ಮೇಲ್ತುದಿಯ ಗುಂಡನ್ನ ಭುಜದ ಬಟ್ಟಲಲ್ಲಿ ಹಿಡಿದಿಡೋ ನಾಲ್ಕು ಸ್ನಾಯುಗಳ ಗುಂಪು. ಯಾರು ಎತ್ತಿದ್ರೂ ಒಂದು ಮಟ್ಟಕ್ಕೆ ಬಂದು ಗಕ್ಕಂತ ನಿಂತ್ರೆ ಫ್ರೋಜನ್ ಶೋಲ್ಡರ್ (ಕೀಲಿನ ಸುತ್ತಲಿನ ಪೊರೆ ಬಿಗಿದು ಭುಜ ಸೆಟೆದುಕೊಳ್ಳೋದು) ಇರಬಹುದು, ಇಲ್ಲಾ ಕೀಲು ಸವೆದಿರಬಹುದು. ಇವೆರಡರಲ್ಲಿ ಯಾವುದು ಅನ್ನೋದು ಸಾಮಾನ್ಯವಾಗಿ ಒಂದು ಎಕ್ಸ್‌ರೇಯಲ್ಲೇ ಗೊತ್ತಾಗತ್ತೆ. ಫ್ರೋಜನ್ ಶೋಲ್ಡರ್ ಶುಗರ್ ಇರೋರಿಗೆ ಜಾಸ್ತಿ, ಆದ್ರೆ ಬಹುತೇಕ ಜನಕ್ಕೆ 1ರಿಂದ 3 ವರ್ಷದಲ್ಲಿ ತಾನಾಗೇ ಬಿಟ್ಕೊಳ್ಳತ್ತೆ, ಅದಕ್ಕೆ ಆಪರೇಷನ್‌ಗೆ ಓಡೋದು ಬೇಕಿಲ್ಲ.

ಇನ್ನು ಕೆಲವಕ್ಕೆ ಕಾಯಬಾರದು. ಎಡಭುಜದ ನೋವಿನ ಜೊತೆ ಎದೆ ಹಿಡಿದಂಗೆ, ಬೆವರು, ಉಸಿರು ಕಟ್ಟೋದು ಇದ್ರೆ ಅದು ಭುಜ ಅಲ್ಲ ಹೃದಯ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಬಿದ್ದಮೇಲೆ ಕೈ ಎತ್ತೋಕೇ ಆಗ್ತಿಲ್ಲ ಅಂದ್ರೆ ಒಂದೆರಡು ದಿನದೊಳಗೆ ತೋರಿಸಿ, ಹೊಸದಾಗಿ ಹರಿದಿದ್ದನ್ನ ಹೊಲಿಯೋದು ಸುಲಭ, ಹಳೇದಾದಷ್ಟೂ ಕಷ್ಟ. ಬೆಳಿಗ್ಗೆ ಎದ್ದಾಗ ಎರಡೂ ಭುಜ ಒಟ್ಟಿಗೆ ಬಿಗಿಯಾಗಿರತ್ತೆ ಅಂದ್ರೆ ಅದನ್ನ ಬಿಡದೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ ಮಾತ್ರೆಯಲ್ಲೇ ವಾಸಿ ಆಗೋ ಒಂದು ಉರಿಯೂತ ಇದೆ.

ಎಂಆರ್‌ಐ ರಿಪೋರ್ಟ್‌ನಲ್ಲಿ 'ಹರಿದಿದೆ' ಅಂತ ಬಂತು ಅಂತ ಗಾಬರಿ ಬೇಡ. 60 ದಾಟಿದ ಎಷ್ಟೋ ಜನರ ಭುಜದಲ್ಲಿ ಹರಿದಿರತ್ತೆ, ನೋವೇ ಇರಲ್ಲ. ಕೂದಲು ನರೆತಂಗೆ ಅಂದ್ಕೊಳ್ಳಿ. ಮೊದಲು ಮೂರು ತಿಂಗಳಾದ್ರೂ ಫಿಸಿಯೋ ಸರಿಯಾಗಿ ಮಾಡಿ, ಎರಡು ದಿನ ಮಾಡಿ ಬಿಟ್ಟು ಪ್ರಯೋಜನ ಆಗ್ಲಿಲ್ಲ ಅನ್ನೋದಲ್ಲ. ನೋವಿಗೆ ಅಂತ ಭುಜಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ತಗೊಂಡ್ರೆ ಕೆಲವು ದಿನ ಶುಗರ್ ಏರತ್ತೆ, ಚೆಕ್ ಮಾಡ್ತಿರಿ. ಕೀಲು ಬದಲಾಯಿಸೋ ಆಪರೇಷನ್ ಯೋಚನೆ ಇದ್ರೆ ಅದಕ್ಕೂ ಮುಂಚಿನ ಮೂರು ತಿಂಗಳು ಆ ಇಂಜೆಕ್ಷನ್ ಬೇಡ ಅಂತಾರೆ, ಸೋಂಕಿನ ಭಯ.

ಕೀಲು ಬದಲಾಯಿಸೋದ್ರಲ್ಲಿ ಎರಡು ತರ. ಸ್ನಾಯು ಗಟ್ಟಿ ಇದ್ದು ಕೀಲು ಮಾತ್ರ ಸವೆದಿದ್ರೆ ಗುಂಡು ಇದ್ದಲ್ಲೇ ಗುಂಡು, ಬಟ್ಟಲು ಇದ್ದಲ್ಲೇ ಬಟ್ಟಲು. ಸ್ನಾಯುನೂ ಹೋಗಿದ್ರೆ ರಿವರ್ಸ್, ಅಂದ್ರೆ ಎರಡನ್ನೂ ಅದಲು ಬದಲು ಮಾಡ್ತಾರೆ, ಆಗ ಹರಿದ ಸ್ನಾಯು ಮಾಡ್ಬೇಕಾದ ಕೆಲಸ ಭುಜದ ಹೊರಮೈಯಲ್ಲಿರೋ ದೊಡ್ಡ ಡೆಲ್ಟಾಯ್ಡ್ ಸ್ನಾಯು ಮಾಡತ್ತೆ. 1985ರಲ್ಲಿ ಫ್ರಾನ್ಸಿನ ಸರ್ಜನ್ ಪಾಲ್ ಗ್ರಾಮೊಂ ಮಾಡಿದ ಉಪಾಯ ಇದು. ನಿಮಗೆ ಯಾವುದು, ಯಾಕೆ ಅಂತ ಡಾಕ್ಟರ್‌ನ ಕೇಳಿ, ಸಂಕೋಚ ಬೇಡ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ, ಹಲ್ಲಲ್ಲಿ ಕೀವು ಇದ್ರೆ, ಮೊದಲೇ ಹೇಳಿ.

ಸರಿ, ದಿನ ನಿಗದಿ ಆಯ್ತು. ಎಲ್ಲರೂ ಆಪರೇಷನ್ ಬಗ್ಗೆ ಹೆದರ್ತಾರೆ, ನಿಜವಾದ ಪರೀಕ್ಷೆ ಆಮೇಲಿನ ನಾಲ್ಕರಿಂದ ಆರು ವಾರ, ಕೈ ಸ್ಲಿಂಗ್‌ನಲ್ಲಿ (ಕೊರಳಿಗೆ ನೇತುಹಾಕೋ ಪಟ್ಟಿಯಲ್ಲಿ) ಇರೋವಾಗ. ಅದಕ್ಕೆ ಒಂದು ವಾರ ಮುಂಚೆನೇ ಇನ್ನೊಂದು ಕೈಲಿ ಹಲ್ಲುಜ್ಜಿ, ಊಟ ಮಾಡಿ, ಶೌಚಕ್ಕೆ ಹೋಗಿ ತೊಳ್ಕೊಳ್ಳೋದೂ ಅಭ್ಯಾಸ ಮಾಡಿ. ಇದನ್ನ ನಮಗೆ ಯಾರೂ ಹೇಳಿರ್ಲಿಲ್ಲ, ಅಮ್ಮ ನೋವಿಗಿಂತ ಇದಕ್ಕೇ ಅತ್ತಿದ್ದು. ದಿನಾ ಬೇಕಾಗೋ ಸಾಮಾನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿ, ಕಾಲಿಗೆ ತೊಡರೋ ಚಾಪೆ, ವೈರ್ ತೆಗೀರಿ, ಒಂದೇ ಕೈ ಇದ್ದಾಗ ಎಡವಿದ್ರೆ ಸಂಭಾಳಿಸ್ಕೊಳ್ಳೋದು ಕಷ್ಟ.

ಆಪರೇಷನ್ ದಿನ ಕೈ ಮರಗಟ್ಟಿರತ್ತೆ, ಆಹಾ ನೋವೇ ಇಲ್ಲ ಅನ್ಸತ್ತೆ. ಅದು ಮರಗಟ್ಟಿಸೋ ಇಂಜೆಕ್ಷನ್ ಕೆಲಸ, ಅದು ಇಳಿಯೋ ಮುಂಚೆನೇ ಡಾಕ್ಟರ್ ಕೊಟ್ಟ ನೋವಿನ ಮಾತ್ರೆ ಶುರು ಮಾಡಿ, ಇಲ್ಲಾಂದ್ರೆ ನಡುರಾತ್ರಿ ಒಟ್ಟಿಗೇ ಬಂದು ಅಪ್ಪಳಿಸತ್ತೆ. ಮಲಗೋದು ಅರ್ಧ ಕೂತಂಗೆ, ಮೊಣಕೈ ಕೆಳಗೆ ದಿಂಬು. ತಲೆ ಎತ್ತದೇ ನಿಮ್ಮ ಮೊಣಕೈ ನಿಮಗೆ ಕಾಣಿಸ್ತಿದ್ರೆ ಸರಿಯಾಗಿ ಮಲಗಿದೀರಿ ಅಂತ, ಕಾಣಿಸ್ತಿಲ್ಲಾಂದ್ರೆ ಕೈ ಹಿಂದಕ್ಕೆ ಜಾರಿದೆ. ಬಟ್ಟೆ ಹಾಕೋವಾಗ ಆಪರೇಷನ್ ಆದ ಕೈ ಮೊದಲು, ತೆಗೆಯೋವಾಗ ಅದು ಕೊನೆಗೆ. ಕಂಕುಳ ತೊಳೆಯೋಕೆ ಕೈ ಎತ್ತೋದಲ್ಲ, ಮುಂದಕ್ಕೆ ಬಗ್ಗಿ ಕೈನ ಇಳಿಬಿಡಿ. ಕುರ್ಚಿಯಿಂದ ಏಳೋವಾಗ ಆ ಕೈ ಊರಲೇಬಾರದು, ಎಲ್ಲರೂ ಮರೆಯೋದು ಇದನ್ನೇ, ಕುರ್ಚಿಯ ಆ ಕಡೆ ಕೈಗೆ ಒಂದು ಕೆಂಪು ಬಟ್ಟೆ ಕಟ್ಟಿಬಿಡಿ. ಬೆರಳು, ಮಣಿಕಟ್ಟು ಮಾತ್ರ ಮೊದಲ ದಿನದಿಂದಲೇ ಆಡಿಸ್ತಿರಿ, ಭುಜದ ವ್ಯಾಯಾಮ ಫಿಸಿಯೋ ಹೇಳಿದಾಗ, ಹೇಳಿದಷ್ಟೇ.

ಪೂರ್ತಿ ಸುಧಾರಿಸೋಕೆ ಆರು ತಿಂಗಳಿಂದ ಒಂದು ವರ್ಷ. ನಡುವೆ ಗಾಯ ಒಸರೋಕೆ ಶುರುವಾದ್ರೆ, ಜ್ವರ ಬಂದ್ರೆ, ಇದ್ದಕ್ಕಿದ್ದಂಗೆ ನೋವು ಜಾಸ್ತಿ ಆಗಿ ಭುಜದ ಆಕಾರನೇ ಬದಲಾದಂಗೆ ಕಂಡ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯ್ಬೇಡಿ, ಅವತ್ತೇ ಫೋನ್ ಮಾಡಿ.